ಬ್ಲೇಡು ನನ್ನ ಹತ್ತಿರ ಇದೆ

ಅಪ್ಪಾ,

ನಿನ್ನ ಗರಗಸದ ಮೆಷಿನ್ನಿನ ಬ್ಲೇಡನ್ನು ನಾನೇ ಬಿಚ್ಚಿಟ್ಟಿದ್ದೇನೆ. ಕೂಗಾಡಬೇಡ, ಮೊದಲು ಪೂರ್ತಿ ಕೇಳು. ನೀನು ಸ್ನಾನಕ್ಕೆ ಹೋಗಿದ್ದೀಯ, ಬಚ್ಚಲಲ್ಲಿ ನೀರು ಸುರಿಯುವ ಸದ್ದು ಬರುತ್ತಿದೆ. ಅದು ನಿಲ್ಲುವುದರೊಳಗೆ ಇದನ್ನು ಬರೆದು ಮೆಷಿನ್ನಿನ ಸ್ವಿಚ್ಚಿನ ಮೇಲೆ ಅಂಟಿಸಿ ಬರಬೇಕು. ಶೆಡ್ಡಿಗೆ ಹೋದರೆ ನಿನ್ನ ಕೈ ಮೊದಲು ಹೋಗುವುದು ಅಲ್ಲಿಗೇ. ನನಗೆ ಬಂದಿರುವುದು ಸಿಟ್ಟೋ ಹೆದರಿಕೆಯೋ ಗೊತ್ತಾಗುತ್ತಿಲ್ಲ.

ಬೆಳಿಗ್ಗೆ ಕಾಫಿ ಕೊಡೋಣ ಅಂತ ಶೆಡ್ಡಿಗೆ ಬಂದೆ. ಅಮ್ಮನ ಅಡುಗೆಮನೆ ಕಪಾಟಿಗೆ ನೀನು ಹಲಗೆ ಕೊಯ್ಯುತ್ತಿದ್ದೆ. ಕಣ್ಣು ಹಲಗೆಯ ಮೇಲಿರಲಿಲ್ಲ, ಎದುರಿನ ಗೋಡೆಯ ಮೇಲಿತ್ತು. ಬಲಗೈ ಹಲಗೆಯನ್ನು ತಳ್ಳುತ್ತಿತ್ತು, ಎಡಗೈ ಹೆಬ್ಬೆರಳು ಬ್ಲೇಡಿನ ಎದುರಲ್ಲೇ ಏನನ್ನೋ ತಡವುತ್ತಿತ್ತು. ಬೆರಳಿಗೂ ಬ್ಲೇಡಿಗೂ ನಡುವೆ ಒಂದು ಬೆಂಕಿಪೊಟ್ಟಣ ಹಿಡಿಸುವಷ್ಟೇ ಜಾಗ. ಅಯ್ಯೋ ಅಂತ ಕಿರುಚಬೇಕು ಅನ್ನಿಸಿತು. ಕಿರುಚಿದರೆ ನೀನು ಬೆಚ್ಚಿಬೀಳುತ್ತೀಯ, ಬೆಚ್ಚಿಬಿದ್ದರೆ ಬೆರಳು ಹೋಯಿತು. ಬಾಯಿಗೆ ಅಂಗೈ ಒತ್ತಿಕೊಂಡು ನಿಂತೆ. ಆ ಹಲಗೆ ಎರಡಾಗುವ ತನಕ ಉಸಿರಾಡಿದ ನೆನಪೇ ಇಲ್ಲ.

ನೀನು ಮೆಷಿನ್ ನಿಲ್ಲಿಸಿ, ಹೊಟ್ಟು ಊದಿ, ಬಾಗಿಲ ಕಡೆ ತಿರುಗಿದೆ. ನಾನು ಎದುರಿಗೇ ನಿಂತಿದ್ದೆ. "ಯಾರದು?" ಅಂತ ನೀನು ಕೇಳಿದೆ.

"ನಾನಪ್ಪಾ" ಅಂದ ಮೇಲೆ ನೀನು ನಕ್ಕುಬಿಟ್ಟೆ. "ಗೊತ್ತು ಕಣೇ, ತಮಾಷೆಗೆ ಕೇಳಿದೆ." ನಿನ್ನ ತಮಾಷೆಗೆ ಬೆಂಕಿ ಬೀಳ!

ನೀನು ಅತ್ತ ಹೋದ ಮೇಲೆ ಉಳಿದ ಹಲಗೆಗಳನ್ನು ಮುಟ್ಟಿ ನೋಡಿದೆ. ಪೆನ್ಸಿಲ್ ಗೆರೆ ಒಂದರಲ್ಲೂ ಇಲ್ಲ. ಎಲ್ಲದರಲ್ಲೂ ಮೊಳೆಯಲ್ಲಿ ಆಳವಾಗಿ ಗೀಚಿದ್ದೀಯ, ಬೆರಳಿಗೆ ಸಿಗಲಿ ಅಂತ. ಆಗ ಒಂದೊಂದೇ ಅರ್ಥವಾಗುತ್ತಾ ಬಂತು. ಪೇಪರನ್ನು ಅಮ್ಮನ ಕೈಲಿ ಓದಿಸುವುದು, "ನಿಮ್ಮಮ್ಮನಿಗೂ ಸ್ವಲ್ಪ ಲೋಕಜ್ಞಾನ ಬರಲಿ" ಅನ್ನುವುದು. ಮೊನ್ನೆ ಹೆಬ್ಬೆರಳಿಗೆ ಪಟ್ಟಿ ಸುತ್ತಿಕೊಂಡು "ತರಕಾರಿ ಹೆಚ್ಚುವಾಗ ತಾಗಿತು" ಅಂದೆಯಲ್ಲ, ನಾನು ಹುಟ್ಟಿದಾಗಿನಿಂದ ಈ ಮನೆಯಲ್ಲಿ ನೀನು ಯಾವತ್ತು ತರಕಾರಿ ಹೆಚ್ಚಿದ್ದೆ ಹೇಳು? ಅದನ್ನು ನಂಬಿದ ನನ್ನನ್ನು ಏನನ್ನಬೇಕು?

ಕೇಳಿದರೆ ನೀನು ಏನು ಹೇಳುತ್ತೀಯ ಅಂತ ಗೊತ್ತು. "ಬಸ್ ಓಡಿಸಿದ ಕಣ್ಣು ಕಣೇ ಇದು. ಎದುರಿಂದ ಬರೋ ಲಾರಿ ನಂಬರನ್ನ ತಿರುವಿನಲ್ಲೇ ಓದ್ತಿದ್ದೆ." ನೀನು ಓದುತ್ತಿದ್ದೆ, ಇಲ್ಲ ಅನ್ನುವುದಿಲ್ಲ. ನಿನಗೆ ಕಣ್ಣು ಅಂದರೆ ಬರೀ ಕಣ್ಣಲ್ಲ, ಮರ್ಯಾದೆ. ಡಾಕ್ಟರು ಏನಂತಾರೋ ಅಂತ ನಿನಗೆ ಭಯ. ನನಗೂ ಭಯವೇ. ಬರೀ ಪೊರೆಯಾಗಿದ್ದರೆ ತೆಗೆಸಿದರೆ ಮುಗಿಯಿತು. ಅದಲ್ಲದಿದ್ದರೆ ಏನು ಮಾಡುವುದು ಅಂತ ನನಗೂ ಗೊತ್ತಿಲ್ಲ.

ಈ ಮೆಷಿನ್ ಬರುವ ಮೊದಲು ನೀನು ಹೇಗಿದ್ದೆ ಅನ್ನುವುದನ್ನೂ ಮರೆತಿಲ್ಲ. ಕೆಲಸದಿಂದ ನಿವೃತ್ತನಾಗಿ ಬಂದು ಕಿಟಕಿ ಪಕ್ಕ ಕೂತುಬಿಟ್ಟಿದ್ದೆ. ಬೀದಿಯಲ್ಲಿ ಹೋಗುವ ಪ್ರತಿ ಡ್ರೈವರನ್ನೂ ಬೈಯುತ್ತಿದ್ದೆ, ಊಟಕ್ಕೆ ಕರೆದರೆ ನಮ್ಮನ್ನು ಬೈಯುತ್ತಿದ್ದೆ. ಮೆಷಿನ್ ಬಂದು ನೀನು ಮೊದಲ ಸ್ಟೂಲು ಮಾಡಿದ ದಿನ ಅದರ ಮೇಲೆ ಅಮ್ಮನನ್ನು ಕೂರಿಸಿ ಚಪ್ಪಾಳೆ ತಟ್ಟಿದೆ. ಅದರ ಒಂದು ಕಾಲು ಗಿಡ್ಡವಾಗಿತ್ತು, ಅಮ್ಮ ಬಾಯಿಬಿಡಲಿಲ್ಲ. ಅಂಥವನ ಕೈಯಿಂದ ಇದನ್ನು ಕಿತ್ತುಕೊಳ್ಳುವಾಗ ನನ್ನ ಕರುಳು ಕಿತ್ತು ಬಂತಪ್ಪಾ. ಬಿಚ್ಚುವುದನ್ನು ಹೇಳಿಕೊಟ್ಟವನೂ ನೀನೇ. ಈ ನಟ್ಟು ಉಲ್ಟಾ ತಿರುಗುತ್ತೆ ಅಂತ ನೀನು ಹೇಳಿರದಿದ್ದರೆ ನನ್ನಿಂದ ಆಗುತ್ತಿರಲಿಲ್ಲ.

ಈ ಕಾಗದವನ್ನು ದಪ್ಪ ದಪ್ಪ ಅಕ್ಷರದಲ್ಲಿ ಬರೆಯಬಹುದಿತ್ತು. ಬೇಕೆಂದೇ ಸಣ್ಣದಾಗಿ ಬರೆದಿದ್ದೇನೆ. ಅಮ್ಮ ಚಿಕ್ಕಮ್ಮನ ಮನೆಗೆ ಹೋಗಿದ್ದಾಳೆ, ಸಂಜೆವರೆಗೂ ಬರುವುದಿಲ್ಲ. ನಿನಗೆ ಇದನ್ನು ಓದಲಿಕ್ಕೆ ಆದರೆ ಮೆಟ್ಟಿಲು ಹತ್ತಿ ಬಂದು ಬಾಯಿಗೆ ಬಂದ ಹಾಗೆ ಬೈದುಬಿಡು. ಬ್ಲೇಡು ಕೈಗೆ ಕೊಟ್ಟು ನಿನ್ನ ಕಾಲಿಗೆ ಬೀಳುತ್ತೇನೆ. ಅಷ್ಟು ಖುಷಿಯಿಂದ ನಾನು ಯಾವತ್ತೂ ಸೋತಿರುವುದಿಲ್ಲ. ಓದಲಿಕ್ಕೆ ಆಗದಿದ್ದರೆ ಇದನ್ನು ಹಿಡಿದುಕೊಂಡು ನನ್ನ ಹತ್ತಿರವೇ ಬರಬೇಕು. "ಶೆಡ್ಡಲ್ಲಿ ಬೆಳಕಿಲ್ಲ ಕಣೇ, ಏನಿದು ಸ್ವಲ್ಪ ಓದು" ಅನ್ನುತ್ತೀಯ. ನಾನು ಒಂದಕ್ಷರ ಬಿಡದೆ ಓದುತ್ತೇನೆ.

ನೀರಿನ ಸದ್ದು ನಿಂತಿತು.

ಅಪ್ಪಾ, ಈ ಸಾಲು ನಿನಗೆ ನನ್ನ ದನಿಯಲ್ಲಿ ಕೇಳುತ್ತಿದ್ದರೆ ಏನೂ ಹೇಳಬೇಡ. ತಮಾಷೆಗೆ ಅಂತಲೂ ಅನ್ನಬೇಡ. ನನ್ನ ಕೈ ಹಿಡಿದುಕೋ, ಈಗಲೇ ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ.

ನಿನ್ನ ಹತ್ತು ಬೆರಳೂ ನೂರು ಕಾಲ ಬಾಳಲಿ.

ಮಹಡಿಯ ಮೇಲೆ, ನೀನು ಬೈಯುತ್ತಾ ಬರಲಿ ಅಂತ ಕಾಯುತ್ತಿರುವ,
ನಿನ್ನ ಮಗಳು