ಹಲ್ಲುನೋವಿನವರ ಕೊಳಲು

ಮಾರ್ಚ್ ೧೧, ಮಂಗಳವಾರ

ಭಾವನ ಮಾತು ಇನ್ನೂ ಕೊರೆಯುತ್ತಿದೆ: "ಕೊಳಲು ಊದೋದು ಸರಿ ಕಣಮ್ಮ, ಕೇಳೋರು ಯಾರು?" ಹೊಟ್ಟೆಪಾಡಿಗೆ ಮಕ್ಕಳ ಪಾಠವಿದೆ. ಸಭಾಂಗಣ ತುಂಬಿಸುವ ಆಸೆಯನ್ನು ಎಂದೋ ಕೈಬಿಟ್ಟಿದ್ದೇನೆ. ಆದರೂ ಕೇಳುವವರು ಯಾರು?

ಇವತ್ತು ದವಡೆ ಊದಿ ಹಲ್ಲಿನ ಡಾಕ್ಟರಿಗೆ ಫೋನ್ ಮಾಡಿದೆ. "ಒಂದ್ನಿಮಿಷ ಲೈನಲ್ಲಿರಿ" ಎಂದಳು ಅಲ್ಲಿನ ಹುಡುಗಿ. ಆಮೇಲೆ ಕೇಳಿಸಿದ್ದು ನನ್ನದೇ ಕೊಳಲು! ಹೋದ ವರ್ಷ ಯಾವುದೋ ಫೋನ್ ಕಂಪನಿಗೆ ನುಡಿಸಿಕೊಟ್ಟಿದ್ದ ತುಣುಕು.

ದವಡೆ ಹಿಡಿದುಕೊಂಡು ಎಷ್ಟು ಜನ ಇದನ್ನು ಕೇಳಿರಬಹುದು? ಬೈದುಕೊಳ್ಳುತ್ತಲೋ, ಗುನುಗುತ್ತಲೋ? ಎರಡನೇ ಸಾಲಿನ ಕೊನೆಯಲ್ಲಿ ನನಗೆ ಉಸಿರು ಸಾಲದೇ ಹೋದದ್ದು ಒಬ್ಬರಿಗಾದರೂ ಗೊತ್ತಾಗಿದೆಯೇ? ಆ ಜಾಗ ಬರಲೆಂದು ಕಾದೆ. ಅಷ್ಟರಲ್ಲಿ ಹುಡುಗಿ ಬಂದಳು.

"ಕಾಯಿಸಿದ್ದಕ್ಕೆ ಸಾರಿ ಮೇಡಂ, ಹೇಳಿ."

"ಪರವಾಗಿಲ್ಲಮ್ಮ," ಎಂದುಬಿಟ್ಟೆ, "ಇನ್ನೊಂಚೂರು ಕಾಯಿಸು."