ಸೋಮವಾರ ಕೂಗುವ ಕನ್ವರ್ಟರ್

ಮಾರ್ಚ್ ೪, ಸೋಮವಾರ. ಬೆಳಿಗ್ಗೆ

ಮತ್ತೆ ಶುರು. ಅಡುಗೆಮನೆಯ ಕಿಟಕಿ ಮುಚ್ಚಿದರೂ ಕೇಳುತ್ತದೆ. ಒಳಗೇ ಹಾಸಿಗೆ, ಸಿಂಕು ಇರುವ ಕ್ಯಾಂಪರ್ ವ್ಯಾನು ಗೋಡೆಗೆ ಒತ್ತಿಕೊಂಡು ನಿಂತಿದೆ, ಅದರ ಹೊಟ್ಟೆಯೊಳಗೆ ಬ್ಯಾಟರಿ ತುಂಬಿಸುವ ಕನ್ವರ್ಟರಿನ ಫ್ಯಾನು — ಹಲ್ಲಿನ ಡಾಕ್ಟರು ಪಕ್ಕದ ಕೋಣೆಯಲ್ಲಿ ಡ್ರಿಲ್ಲು ಓಡಿಸಿದ ಹಾಗೆ. ದಿನವಿಡೀ ಆಸ್ಪತ್ರೆಯಲ್ಲಿ ಜನರ ಕಿವಿಗೆ ಹೆಡ್‌ಫೋನ್ ಹಾಕಿ, ಕೇಳಿಸಿದಾಗ ಬಟನ್ ಒತ್ತಿ ಎನ್ನುವವಳಿಗೆ ಮನೆಯಲ್ಲಿ ಈ ಪಾಡು. ಕಾಫಿ ಕುಡಿಯುವಷ್ಟರಲ್ಲಿ ತಲೆ ಚಿಟ್ಟು ಹಿಡಿಯಿತು.

ತಂಗಿಗೆ ಫೋನ್ ಮಾಡಿದೆ. ವ್ಯಾನು ಇಬ್ಬರದೂ. ನನ್ನ ಮನೆಯಲ್ಲಿ ಜಾಗವಿದೆ ಎಂದು ಇಲ್ಲಿ ನಿಲ್ಲಿಸಿದ್ದೇವೆ. ಪ್ರತಿ ಭಾನುವಾರ ಅವಳು ಒಯ್ಯುತ್ತಾಳೆ, ಒಂದೇ ಕಡೆ ನಿಂತರೆ ಟೈರು ಹಾಳಂತೆ. ಸಂಜೆ ತಂದು ನಿಲ್ಲಿಸಿ, ನಮ್ಮ ಪ್ಲಗ್ಗಿಗೆ ಸಿಕ್ಕಿಸಿ ಹೋಗುತ್ತಾಳೆ. ಈ ಕನ್ವರ್ಟರ್ ಬದಲಾಯಿಸಿಬಿಡುತ್ತೇನೆ ಎಂದೆ. ಇರುವುದನ್ನು ಯಾಕೆ ಕೆದಕುತ್ತೀಯ, ನನಗಂತೂ ಏನೂ ಕೇಳಿಸುವುದಿಲ್ಲ ಎಂದಳು. ಹಾಗಾದರೆ ನಿನ್ನ ಕಿವಿಯನ್ನೂ ಟೆಸ್ಟ್ ಮಾಡುತ್ತೇನೆ ಬಾ ಎಂದೆ. ನಗಲಿಲ್ಲ. ಆ ಜೋಕು ನಮ್ಮ ಮನೆಯಲ್ಲಿ ಈಗ ನಡೆಯುವುದಿಲ್ಲ.

ಅಮ್ಮ ಹೇಗಿದ್ದಾಳೆ ಎಂದು ಕೇಳಿದೆ. ಪ್ರತಿ ಸೋಮವಾರ ಕೇಳುತ್ತೇನೆ. ಚೆನ್ನಾಗಿದ್ದಾಳಂತೆ. ನನ್ನ ವಿಷಯ ಎತ್ತಿದೆಯಾ ಎಂದೆ. ಎತ್ತಿದಳಂತೆ, ಅಮ್ಮ ಮುಖ ತಿರುಗಿಸಿದಳಂತೆ. ಸರಿ ಬಿಡು.

ವರ್ಷದ ಮೇಲಾಯಿತು. ನಿನ್ನ ಎರಡೂ ಕಿವಿ ಮಂದವಾಗಿದೆ, ಮೆಷಿನ್ ಹಾಕಿಕೋ ಎಂದು ಅಮ್ಮನಿಗೆ ಹೇಳಿದ್ದೆ. ನನ್ನ ಕೆಲಸವೇ ಅದು, ಬೇರೆ ಯಾರು ಹೇಳಬೇಕಿತ್ತು? ನನ್ನ ಕಿವಿ ನೆಟ್ಟಗಿದೆ, ನಿನ್ನ ನಾಲಿಗೆ ಉದ್ದವಾಗಿದೆ, ಇನ್ನು ಈ ಕಡೆ ಬರಬೇಡ ಎಂದಳು. ಹೋಗಲಿಲ್ಲ. ಕರೆದಿದ್ದರೆ ಚಪ್ಪಲಿ ಹಾಕದೆ ಓಡುತ್ತಿದ್ದೆ. ಕರೆಯಲಿಲ್ಲ. ತಂಗಿ ಅಮ್ಮನ ಜೊತೆಗಿದ್ದಾಳೆ, ಅಲ್ಲಿಯ ಮಾತು ಇಲ್ಲಿಗೆ, ಇಲ್ಲಿಯ ಮಾತು ಅಲ್ಲಿಗೆ ಹೊರುತ್ತಾಳೆ. ಇಬ್ಬರು ಹಟಮಾರಿಗಳ ನಡುವೆ ಪಾಪ, ಅವಳು ಹಣ್ಣಾಗಿದ್ದಾಳೆ.


ಮಾರ್ಚ್ ೬, ಬುಧವಾರ

ಡ್ಯೂಟಿ ಮುಗಿಸಿ ಕ್ಯಾಂಪರ್ ಸಾಮಾನಿನ ಅಂಗಡಿಗೆ. ಅಂಗಡಿಯವರು ಹಳೆಯದರ ಫೋಟೋ ನೋಡಿ ಅದೇ ಅಳತೆಯ ಹೊಸದು ಕೊಟ್ಟರು. ಇದರ ಫ್ಯಾನು ಮೆತ್ತಗಂತೆ.

ಅಂಗಡಿಗೆ ಜೊತೆಗೆ ಬಂದಿದ್ದ ನಮ್ಮ ಆಸ್ಪತ್ರೆಯ ನರ್ಸ್ ಅದೇನು ಡಬ್ಬ ಎಂದಳು. ಮನೆಯ ಕರೆಂಟು ಹೆಚ್ಚು, ಗಾಡಿಯ ಬ್ಯಾಟರಿಗೆ ಅಷ್ಟು ಬೇಡ, ಇದು ಇಳಿಸಿ ಬ್ಯಾಟರಿ ತುಂಬಿಸುತ್ತದೆ ಎಂದೆ. ನೀನೇ ಹಾಕುತ್ತೀಯಾ ಎಂದಳು. ಯಾಕೆ, ಕೈ ಇಲ್ಲವಾ ನನಗೆ.


ಮಾರ್ಚ್ ೯, ಶನಿವಾರ. ಸಂಜೆ

ಆಯಿತು! ಮೊಣಕಾಲು ತರಚಿದೆ, ಉಗುರು ಮುರಿದಿದೆ, ಆದರೆ ಆಯಿತು.

ಮೊದಲು ಪ್ಲಗ್ಗು ಕಿತ್ತೆ, ಆಮೇಲೆ ಬ್ಯಾಟರಿಯ ನೆಗೆಟಿವ್ ವೈರು ಬಿಚ್ಚಿದೆ. ಕನ್ವರ್ಟರ್ ಇರುವುದು ಹಾಸಿಗೆಯ ಕೆಳಗಿನ ಗೂಡಿನಲ್ಲಿ, ಅಂಗಾತ ಮಲಗಿ ಕೈ ಹಾಕಬೇಕು. ಒಂದು ಸ್ಕ್ರೂವಿನ ತಲೆ ಸವೆದು ಬೋಳಾಗಿತ್ತು. ಬಾಯಿಗೆ ಬಂದಿದ್ದೆಲ್ಲ ಬೈದೆ. ಆಮೇಲೆ ರಬ್ಬರ್ ಬ್ಯಾಂಡ್ ಇಟ್ಟು ಒತ್ತಿ ತಿರುಗಿಸಿದೆ, ಬಂತು. ಕೆಂಪು ಪ್ಲಸ್ಸು ಕಪ್ಪು ಮೈನಸ್ಸು ಎಂದು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಒಳಗೆ ನೋಡಿದರೆ ಎಲ್ಲ ವೈರೂ ಧೂಳಿನ ಬಣ್ಣ. ಒಂದೊಂದನ್ನೇ ಒರೆಸಿ, ಗಾಯದ ಪಟ್ಟಿ ಸುತ್ತಿ, ಮೇಲೆ ಪೆನ್ನಿನಲ್ಲಿ ಬರೆದೆ. ನೋಡಲು ವಾರ್ಡಿನ ಪೇಷೆಂಟುಗಳ ಹಾಗೆ ಕಂಡವು.

ಹೊಸದನ್ನು ಕೂಡಿಸಿ ಪ್ಲಗ್ಗು ಹಾಕಿದೆ. ದೀಪ ಹಸಿರಾಯಿತು. ಕಿವಿಗೊಟ್ಟು ಕೂತೆ… ಏನೂ ಇಲ್ಲ. ಹಾಯ್ ಅನ್ನಿಸಿತು. ವ್ಯಾನಿನ ನೆಲದ ಮೇಲೆ ಹಾಗೇ ಸ್ವಲ್ಪ ಹೊತ್ತು ಮಲಗಿದ್ದೆ.

ತಂಗಿಗೆ ವಿಡಿಯೋ ಕಳಿಸಿದೆ. ಎಷ್ಟೋ ಹೊತ್ತಾದ ಮೇಲೆ ಬರೀ ಹೆಬ್ಬೆರಳಿನ ಚಿತ್ರ ಬಂತು. ಒಂದು ಭೇಷ್ ಅಂದಿದ್ದರೆ ಅವಳ ಗಂಟೇನು ಹೋಗುತ್ತಿತ್ತು.


ಮಾರ್ಚ್ ೧೦, ಭಾನುವಾರ

ತಂಗಿ ಬೆಳಿಗ್ಗೆ ಬಂದು ಕೀ ತೆಗೆದುಕೊಂಡು ಹೋದಳು. ಸಂಜೆ ತಂದು ನಿಲ್ಲಿಸಿ ಪ್ಲಗ್ಗು ಸಿಕ್ಕಿಸಿದ್ದೇ ತಡ — ಬೊರ್ರ್. ಹೊಸ ಗಂಟಲು, ಅದೇ ರಾಗ.

ಒಳಗೆ ಏನಾದರೂ ಆನ್ ಮಾಡಿದ್ದೆಯಾ, ಫ್ರಿಜ್ಜು, ಲೈಟು? ಏನೂ ಇಲ್ಲ ಅಕ್ಕ, ಸುಮ್ಮನೆ ಸುತ್ತಾಡಿಸಿ ಬಂದೆ ಎಂದಳು. ಬಸ್ಸಿಗೆ ಹೊತ್ತಾಯಿತು ಎಂದು ಹೊರಟಳು.

ನನ್ನ ವೈರಿಂಗೇ ತಪ್ಪಿರಬೇಕು. ಅಳು ಬಂತು.


ಮಾರ್ಚ್ ೧೨, ಮಂಗಳವಾರ

ವೈರು ಕೂಡಿಸಿದ ಫೋಟೋಗಳನ್ನೆಲ್ಲ ಅಂಗಡಿಯವರಿಗೆ ತೋರಿಸಿದೆ. ಎಲ್ಲ ಸರಿ ಇದೆಯಂತೆ. ಮತ್ತೇಕೆ ಕೂಗಿತು?

"ಫ್ಯಾನ್ ತಿರುಗಿದ್ರೆ ಕೆಟ್ಟಿದೆ ಅಂತಲ್ಲ ಮೇಡಂ. ಬ್ಯಾಟರಿ ಪೂರ್ತಿ ಖಾಲಿಯಾಗಿ ಬಂದಿದೆ, ಅದನ್ನ ತುಂಬಿಸ್ತಾ ಇದೆ. ಒಳಗೆ ಇಡೀ ದಿನ ಏನೋ ಮೆಷಿನ್ ಓಡಿಸ್ತೀರ ನೀವು."

ನಾನು ಏನೂ ಓಡಿಸುವುದಿಲ್ಲ ಎಂದೆ. ಸರಿ, ನೀವು ಓಡಿಸಲ್ಲ ಎಂದು ಬೇರೆ ಗಿರಾಕಿಯ ಕಡೆ ತಿರುಗಿದರು.

ದಾರಿಯುದ್ದಕ್ಕೂ ಯೋಚನೆ. ಹಳೆಯದು ಕೂಗುತ್ತಿದ್ದುದು ಯಾವಾಗ? ಭಾನುವಾರ ಸಂಜೆಯಿಂದ ಸೋಮವಾರ. ಮಂಗಳವಾರ ತಣ್ಣಗಾಗುತ್ತಿತ್ತು. ಉಳಿದ ದಿನ ಪತ್ತೆಯೇ ಇಲ್ಲ. ಇಷ್ಟು ದಿನ ಶಬ್ದವನ್ನು ಶಪಿಸಿದೆನೇ ಹೊರತು ಯಾವ ವಾರ ಎಂದು ನೋಡಲಿಲ್ಲ. ಏನೂ ಕೆಡದ ಪೆಟ್ಟಿಗೆಯನ್ನು ಕಿತ್ತು ಗುಜರಿಗೆ ಹಾಕಿ ಬಂದಿದ್ದೇನೆ.

ಅಂದರೆ ಏನೂ ಆನ್ ಮಾಡಲಿಲ್ಲ ಎಂದಿದ್ದು ಸುಳ್ಳು. ಯಾಕೆ? ಯಾರನ್ನಾದರೂ ಇಟ್ಟುಕೊಂಡಿದ್ದಾಳಾ? ಇಟ್ಟುಕೊಳ್ಳಲಿ, ನಾನೇನು ಬೇಡ ಅನ್ನುತ್ತೇನಾ… ನನಗೆ ಹೇಳಬಹುದಿತ್ತು.


ಮಾರ್ಚ್ ೧೭, ಭಾನುವಾರ. ಸಂಜೆ

ತಂಗಿ ಬಸ್ಸು ಹತ್ತುವ ತನಕ ಕಾದು ವ್ಯಾನಿನೊಳಗೆ ಹೋದೆ. ಕಳ್ಳಿಯ ಹಾಗೆ, ನನ್ನದೇ ಗಾಡಿಗೆ.

ಬಾಗಿಲು ತೆಗೆದ ಕೂಡಲೇ ನೋವಿನ ಮುಲಾಮಿನ ವಾಸನೆ. ಅದನ್ನು ಕುತ್ತಿಗೆಗೆ ಅಷ್ಟೊಂದು ಬಳಿದುಕೊಳ್ಳುವವಳು ಪ್ರಪಂಚದಲ್ಲಿ ಒಬ್ಬಳೇ. ಹಾಸಿಗೆಯ ಪಕ್ಕದ ಸಾಕೆಟ್ಟು ಮುಟ್ಟಿದರೆ ಇನ್ನೂ ಬಿಸಿ. ಸಿಂಕಿನ ಹತ್ತಿರ, ತೊಳೆದು ಒಣಗಲು ಹಾಕಿದ್ದು — ಮೂಗಿಗೆ ಹಾಕುವ ಆಕ್ಸಿಜನ್ ಟ್ಯೂಬು. ವಾರ್ಡಿನಲ್ಲಿ ದಿನಾ ನೋಡುತ್ತೇನೆ, ಗುರುತು ತಪ್ಪುವ ಹಾಗಿಲ್ಲ.

ಅಮ್ಮ. ಅಮ್ಮನಿಗೆ ಉಸಿರು ಸಾಲುತ್ತಿಲ್ಲ. ಚೆನ್ನಾಗಿದ್ದಾಳೆ, ಚೆನ್ನಾಗಿದ್ದಾಳೆ ಎಂದು ಪ್ರತಿ ಸೋಮವಾರ…

ಹೊರಗೆ ಫ್ಯಾನು ಓಡುತ್ತಿದೆ. ಅಮ್ಮ ಇಡೀ ದಿನ ಎಳೆದುಕೊಂಡ ಉಸಿರಿಗೆ ಅದು ಈಗ ಬ್ಯಾಟರಿ ತುಂಬಿಸುತ್ತಿದೆ. ಪ್ಲಗ್ಗು ಕೀಳಲು ಹೋಗಿ ಕೈ ಬರಲಿಲ್ಲ.


ಮಾರ್ಚ್ ೧೮, ಸೋಮವಾರ

ರಜೆ ಹಾಕಿ ತಂಗಿ ಕೆಲಸ ಮಾಡುವ ಈಜುಕೊಳಕ್ಕೆ ಹೋದೆ. ಟಿಕೆಟ್ ಕೌಂಟರಿನ ಗಾಜಿನ ಹಿಂದೆ ಕೂತಿದ್ದಳು. ಕೈ ತೂರುವ ಕಿಂಡಿಯಲ್ಲಿ ಟ್ಯೂಬನ್ನು ಒಳಗೆ ತಳ್ಳಿದೆ. ಅದನ್ನು ನೋಡಿ, ಡ್ರಾಯರಿಗೆ ಹಾಕಿ, ನನ್ನ ಹಿಂದೆ ನಿಂತವರಿಗೆ ಟಿಕೆಟ್ ಹರಿದು ಕೊಟ್ಟಳು. ನಾನು ಪಕ್ಕಕ್ಕೆ ಸರಿದು ನಿಂತೆ. ಸಾಲು ಮುಗಿಯುವ ತನಕ ನಿಲ್ಲಿಸಿದಳು ನನ್ನನ್ನು.

ಚಳಿ ಶುರುವಾದಾಗಿನಿಂದಂತೆ. ಶ್ವಾಸಕೋಶ. ಹಗಲೆಲ್ಲ ಆಕ್ಸಿಜನ್ ಮೆಷಿನ್ ಬೇಕು ಎಂದಿದ್ದಾರಂತೆ ಡಾಕ್ಟರು. ಗೋಡೆ ನೋಡಿ ನೋಡಿ ಸಾಕಾಗಿದೆ ಎಂದಳಂತೆ ಅಮ್ಮ. ಅದಕ್ಕೇ ಭಾನುವಾರ ವ್ಯಾನಿನಲ್ಲಿ ಮಲಗಿಸಿ ಕೆರೆಯ ಹತ್ತಿರ ಒಯ್ಯುತ್ತಾಳೆ, ಹಿಂದಿನ ಬಾಗಿಲು ತೆರೆದಿಡುತ್ತಾಳೆ, ಅಮ್ಮ ನೀರು ನೋಡುತ್ತಾ ಮಲಗಿರುತ್ತಾಳೆ.

"ನನ್ನನ್ನ ಕೇಳಲೇ ಇಲ್ವಾ ಅವಳು?"

ಟಿಕೆಟ್ ಪುಸ್ತಕದ ಅಂಚನ್ನು ನೆಟ್ಟಗೆ ಮಾಡುತ್ತಾ ಕೂತಳು.

"ಕೇಳಿದಳು. ಹುಷಾರಿಲ್ಲ ಅಂತ ಅವಳಿಗೆ ಹೇಳು, ಬರಲಿ ಅಂದಳು. ನಾನು ನಿನಗೆ ಹೇಳಲಿಲ್ಲ. ಅಕ್ಕ ಬರಲ್ಲ ಅಂದಳು ಅಂತ ಅಮ್ಮಂಗೆ ಹೇಳಿದೆ."

ಗಾಜು ಇತ್ತು, ಬಚಾವಾದಳು.

ಯಾಕೆ ಎಂದೆ. ಒಳಗೆ ಮಕ್ಕಳು ನೀರಿಗೆ ಧುಮುಕುವ ಸದ್ದು.

"ಚಿಕ್ಕಂದಿನಿಂದ ಅಮ್ಮನ ಬಾಯಲ್ಲಿ ನಿನ್ನದೇ ಹೆಸರು. ನಾನು ಪಕ್ಕದಲ್ಲೇ ಕೂತಿದ್ರೂ ಅಕ್ಕ ಎಲ್ಲಿ ಅಂತ ಕೇಳ್ತಿದ್ದಳು. ನೀನು ಬಂದರೆ ಮತ್ತೆ ಹಾಗೇ ಆಗತ್ತೆ. ಭಾನುವಾರ ಒಂದು ನನ್ನದಾಗಿರಲಿ ಅಂತ… ಅಷ್ಟೇ."

ಅಷ್ಟೇ ಅಂತೆ. ಬೇರೆ ಯಾರಾದರೂ ಮಾಡಿದ್ದರೆ ಜಗಳವಾಡಿ ಮರೆಯುತ್ತಿದ್ದೆ. ಇವಳಿಗೆ ಜಡೆ ಹಾಕಿ ಸ್ಕೂಲಿಗೆ ಕಳಿಸಿದವಳು ನಾನು. ಪಾಪ ಎಂದು ಬರೆದಿದ್ದೇನೆ ಇದೇ ಪುಸ್ತಕದಲ್ಲಿ, ಪಾಪ! ಊರವರ ಕಿವಿ ನೋಡುವವಳ ಕಿವಿಗೇ ಹೂವಿಟ್ಟಳು.


ಮಾರ್ಚ್ ೨೪, ಭಾನುವಾರ

ತಂಗಿಗೆ ಕೀ ಕೊಡಲಿಲ್ಲ. ಬಂದಳು, ಗೇಟಿನ ಹತ್ತಿರ ನಿಂತಳು, ಕರೆಯದೆ ಹೋದಳು. ಚೆನ್ನಾಗಿ ಆಗಲಿ ಎಂದುಕೊಂಡೆ.

ಸಂಜೆ. ವ್ಯಾನು ತೆಪ್ಪಗೆ ನಿಂತಿದೆ. ನಾಳೆಯೂ ಕೂಗುವುದಿಲ್ಲ. ಅಂದರೆ ಅಮ್ಮ ಇವತ್ತು ಪೂರ್ತಿ ಗೋಡೆ ನೋಡಿದ್ದಾಳೆ. ಸಿಟ್ಟು ತಂಗಿಯ ಮೇಲೆ, ಬರೆ ಬಿದ್ದದ್ದು ಅಮ್ಮನಿಗೆ.

ಅವಳಿಗೆ ಮೆಸೇಜ್ ಮಾಡಿದೆ: ಮುಂದಿನ ವಾರ ನಾನೇ ಗಾಡಿ ತರುತ್ತೇನೆ. ಅಮ್ಮನಿಗೆ ಮೊದಲೇ ಹೇಳಬೇಡ.

ಹೆಬ್ಬೆರಳು ಬಂತು.


ಮಾರ್ಚ್ ೩೧, ಭಾನುವಾರ. ಕೆರೆಯ ಹತ್ತಿರ, ಮಧ್ಯಾಹ್ನ

ಡ್ರೈವರ್ ಸೀಟಿನಲ್ಲಿ ಕೂತು ಬರೆಯುತ್ತಿದ್ದೇನೆ. ಅಮ್ಮ ಹಿಂದೆ ಮಲಗಿದ್ದಾಳೆ. ಮೆಷಿನ್ ಉಸಿರು ಬಿಡುತ್ತಿದೆ.

ಎಷ್ಟು ಸಣ್ಣಗಾಗಿದ್ದಾಳೆ. ಮೆಟ್ಟಿಲು ಇಳಿಯುವಾಗ ತಂಗಿಯ ತೋಳು ಹಿಡಿದಿದ್ದಳು. ವ್ಯಾನಿನ ಪಕ್ಕ ನನ್ನನ್ನು ಕಂಡು ನಿಂತಳು. ಬೈಯುತ್ತಾಳೆ ಎಂದುಕೊಂಡೆ, ಅಳುತ್ತಾಳೆ ಎಂದೂ ಅಂದುಕೊಂಡೆ. "ಬಂದ್ಯಾ," ಎಂದಳು. ನಿನ್ನೆ ಬಂದು ಹೋದವಳಿಗೆ ಹೇಳುವ ಹಾಗೆ. ಹಾಸಿಗೆಗೆ ಹತ್ತಿಸಿದೆವು. ತಂಗಿ ನನ್ನ ಮುಖ ನೋಡದೆ ಟ್ಯೂಬು ಹಾಕಿದಳು, ತಲೆದಿಂಬು ಸರಿ ಮಾಡಿದಳು. ಅವಳ ಕೈ ಎಲ್ಲಿಗೆ ಬರುತ್ತದೆ ಎಂದು ಅಮ್ಮನ ಮೈಗೆ ಗೊತ್ತಿದೆ. ನೋಡಿ ಹೊಟ್ಟೆ ಉರಿಯಿತು.

ಇಲ್ಲಿಗೆ ಬಂದ ಮೇಲೆ ತಂಗಿ ಬಿಸಿನೀರು ತರುತ್ತೇನೆ ಎಂದು ಫ್ಲಾಸ್ಕು ಹಿಡಿದು ಹೋದಳು. ಬೇಕೆಂದೇ ಹೋದಳು, ಗೊತ್ತು. ನಾನು ವಾರವೆಲ್ಲ ಮನಸ್ಸಿನಲ್ಲೇ ಆಡಿ ಆಡಿ ಇಟ್ಟುಕೊಂಡಿದ್ದೆ. ಅಮ್ಮನ ಕಿವಿಯ ಹತ್ತಿರ ಬಗ್ಗಿದೆ, ಜೋರಾಗಿಯೇ ಹೇಳಿದೆ.

"ಬರಲ್ಲ ಅಂತ ನಾನು ಹೇಳೇ ಇಲ್ಲಮ್ಮ. ಅವಳು ಸುಳ್ಳು ಹೇಳಿದ್ದು ನಿನಗೆ."

"ಗೊತ್ತು," ಎಂದಳು.

ಕೇಳಿಸಿರಲಿಕ್ಕಿಲ್ಲ ಎಂದು ಇನ್ನೊಮ್ಮೆ ಹೇಳಲು ಬಾಯಿ ತೆರೆದೆ. ಕೈ ಎತ್ತಿ ತಡೆದಳು.

"ಕೇಳಿಸ್ತು. ಅವಳು ಹೇಳಿದ ದಿನವೇ ಗೊತ್ತಾಯ್ತು. ಸುಳ್ಳು ಹೇಳೋವಾಗ ಅವಳು ನನ್ನ ಸೆರಗು ಸರಿ ಮಾಡ್ತಾಳೆ."

ಹಾಗಾದರೆ ನನ್ನನ್ನು ಯಾಕೆ ಕರೆಸಲಿಲ್ಲ? ಮನೆಯಲ್ಲಿ ಫೋನಿತ್ತಲ್ಲ, ಪಕ್ಕದ ಮನೆಯವರಿದ್ದರಲ್ಲ? ಅಮ್ಮ ನೀರಿನ ಕಡೆ ನೋಡುತ್ತಾ ನಾಲ್ಕಾರು ಸಲ ಉಸಿರು ಎಳೆದುಕೊಂಡಳು.

"ನಿನ್ನ ಜೊತೆ ಇದ್ರೆ ಪರೀಕ್ಷೆ ಮುಗಿಯೋದೇ ಇಲ್ಲ ಕಣೇ. ಕೇಳಿಸ್ತಾ, ಉಂಡ್ಯಾ, ಮಾತ್ರೆ ನುಂಗಿದ್ಯಾ. ಇವಳ ಜೊತೆ ಸುಮ್ಮನೆ ಇರಬಹುದು. ಅದಕ್ಕೇ ನಾನೂ ಸುಮ್ಮನಾದೆ."

ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿದ್ದರೆ ಎಷ್ಟೋ ವಾಸಿ. ಹೇಳಿ, ನನ್ನ ಕೈ ತಟ್ಟಿ, ಕಣ್ಣು ಮುಚ್ಚಿದಳು.

ತಂಗಿ ಕದ್ದಳು ಎಂದುಕೊಂಡಿದ್ದೆ. ಅಮ್ಮನೇ ಎತ್ತಿ ಕೊಟ್ಟಿದ್ದಾಳೆ. ನಾನು ದಿನಾ ಫೋನು ನೋಡುತ್ತಾ ಕೂತಿದ್ದೆ, ಇವರಿಬ್ಬರೂ ಇಲ್ಲಿ ನೀರು ನೋಡುತ್ತಾ ಇದ್ದರು. ಯಾರ ಮೇಲೆ ಜಾಸ್ತಿ ಸಿಟ್ಟು ಬರಬೇಕು ಎಂದೂ ತಿಳಿಯುತ್ತಿಲ್ಲ. ತಂಗಿಗಂತೂ ಇದು ಗೊತ್ತೇ ಇಲ್ಲ. ತನ್ನದಲ್ಲದ್ದನ್ನು ಬಚ್ಚಿಟ್ಟುಕೊಂಡಿದ್ದೇನೆ ಎಂದೇ ಹೆದರಿಕೊಂಡು ಈ ಚಳಿಗಾಲವೆಲ್ಲ ಕಳೆದಿದ್ದಾಳೆ.

ಈಗ ಬಂದಳು. ನೇರ ನನ್ನ ಕಿಟಕಿಗೆ ಬಂದು, ಫ್ಲಾಸ್ಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮೆಲ್ಲಗೆ ಕೇಳಿದಳು.

"ಅಮ್ಮ ಏನಾದ್ರೂ ಅಂದಳಾ… ನನ್ನ ಬಗ್ಗೆ?"

"ಏನೂ ಇಲ್ಲ," ಎಂದೆ. "ನಿದ್ದೆ ಬಂತು ಅವಳಿಗೆ."

ನಂಬಿದಳು. ತಲೆಯಾಡಿಸಿ, ಸುತ್ತು ಹಾಕಿ ಹಿಂದೆ ಹೋಗಿ ಅಮ್ಮನ ಕಾಲಿನ ಹತ್ತಿರ ಕೂತಿದ್ದಾಳೆ. ಕನ್ನಡಿಯಲ್ಲಿ ಕಾಣುತ್ತದೆ. ಹೊದಿಕೆ ಎಳೆಯುತ್ತಿದ್ದಾಳೆ. ಕೂಗಿದರೆ ಕೇಳುವಷ್ಟು ಹತ್ತಿರ. ಅಮ್ಮನಿಗೆ ಎಲ್ಲ ಗೊತ್ತಿತ್ತು ಎಂದು ಈಗಲೂ ಹೇಳಬಹುದು. ಹೇಳಬೇಕು. ಹೇಳುತ್ತೇನೆ, ಇನ್ನು ಸ್ವಲ್ಪ ಹೊತ್ತು ಬಿಟ್ಟು.