ಬಲಗಡೆಯ ಸ್ಪ್ರಿಂಗ್

ಮಾರ್ಚ್ 9, ಶನಿವಾರ

ಎಡಗಡೆಯ ಚಕ್ರ ಬಿಚ್ಚಿ ಆಯಿತು. ಬೋಲ್ಟಿಗೆ ಮೂವತ್ತು ವರ್ಷದ ತುಕ್ಕು. ಮೂರು ಸಲ ಪಾನಾ ಜಾರಿ ಗೆಣ್ಣು ಕಿತ್ತುಹೋಯಿತು. ನಾಲ್ಕನೇ ಸಲ ಪಾನಾ ಎತ್ತಿ ಗ್ಯಾರೇಜಿನ ಫ್ರಿಜ್ಜಿಗೆ ಬೀಸಿದೆ. ಬಾಗಿಲು ನೆಗ್ಗಿತು. ಒಳಗಿನ ಬಿಯರಿಗೆ ಏನೂ ಆಗಲಿಲ್ಲ, ಪುಣ್ಯ.

ಇದನ್ನೂ ಬರೆಯಬೇಕಂತೆ. ಸಿಟ್ಟಿನ ಕ್ಲಾಸಿನ ಮಿಸ್ ಪ್ರೂಯಿಟ್ ಹೇಳಿದ್ದು — "ಕೈ ಎತ್ತೋ ಮುಂಚೆ ಪೆನ್ ಎತ್ತಿ, ನಿಕಾನೊರ್. ಯಾರೂ ಓದಲ್ಲ." ಜಡ್ಜು ಹಾಕಿದ ಆರು ತಿಂಗಳ ಕ್ಲಾಸು. ಹೋದ ಬೇಸಿಗೆಯಲ್ಲಿ ಟಾಕೊ ಅಂಗಡಿಯ ಮುಂದೆ ಒಬ್ಬನ ಹಲ್ಲು ಉದುರಿಸಿದ್ದಕ್ಕೆ. ನನ್ನ ಟ್ರಕ್ಕಿನ ಮೇಲೆ ಉಗಿದಿದ್ದ. ಬಿದ್ದ ಮೇಲೂ ಒದ್ದೆ. ಮಗಳು ಯಾರೆತ್ಸಿ ಸೀಟಿನಲ್ಲಿ ಕೂತು ಎಲ್ಲ ನೋಡಿದಳು. ಆ ವಾರವೇ ಹೆಂಡತಿ ಗ್ರಿಸೆಲ್ಡಾ ಅವಳನ್ನು ಕರೆದುಕೊಂಡು ತವರಿಗೆ ಹೋದಳು. ಇನ್ನೊಂದು ಸಲ ಯಾರ ಮೇಲಾದರೂ ಕೈ ಮಾಡಿದರೆ ಜೈಲು. ಮಗಳ ಮುಖ ನೋಡುವುದೂ ಬಂದ್.

ಏಪ್ರಿಲ್ 27ಕ್ಕೆ ಅವಳಿಗೆ ಹದಿನೈದು ತುಂಬಿದ ಹಬ್ಬ. ಚರ್ಚಿನಿಂದ ಹಾಲ್‌ವರೆಗೆ ನಮ್ಮ ಸೌತ್ ಸೈಡ್ ಬಡಾವಣೆಯ, ನೆಲಕ್ಕೆ ತಗ್ಗಿಸಿದ ಟ್ರಕ್ಕುಗಳೆಲ್ಲ ಸಾಲಾಗಿ ಹೋಗುತ್ತವೆ. ಎಲ್ಲಕ್ಕಿಂತ ಮುಂದೆ ನನ್ನ 88ರ ಪಿಕಪ್. ಪಕ್ಕದಲ್ಲಿ ಗೌನು, ಕಿರೀಟ ತೊಟ್ಟ ಯಾರೆತ್ಸಿ. ಸ್ಟೇರಿಂಗ್ ನನ್ನದು. ಅದೊಂದು ಬಿಟ್ಟರೆ ಈ ವರ್ಷ ನನಗೇನೂ ಬೇಡ.

ಅದಕ್ಕೇ ಹೊಸ ಕಾಯಿಲ್‌ಓವರ್. ಸ್ಪ್ರಿಂಗು, ಶಾಕು ಎರಡೂ ಒಂದೇ ಕಂಬದಲ್ಲಿ. ಉಂಗುರ ತಿರುಗಿಸಿದರೆ ಗಾಡಿ ಏರುತ್ತದೆ, ಇಳಿಯುತ್ತದೆ. ಈಗಿನದು ಗುಂಡಿಗೊಮ್ಮೆ ಎಗರುತ್ತದೆ. ಮಗಳ ಕಿರೀಟ ಚಾವಣಿಗೆ ಬಡಿಯಬಾರದು.

ಮಾರ್ಚ್ 16, ಶನಿವಾರ, ಮಧ್ಯಾಹ್ನ 3

ಕಂಪಾದ್ರೆ ಎವರಿಸ್ತೊ ಬಂದರು. ಚಿಕ್ಕಂದಿನಲ್ಲಿ ಒಂದೇ ಓಣಿಯಲ್ಲಿ ಹೊಡೆದಾಡಿ ಬೆಳೆದವರು ನಾವು. ಯಾರೆತ್ಸಿಯ ಜ್ಞಾನಸ್ನಾನದ ದಿನ ಮಗುವನ್ನು ಎತ್ತಿ ಹಿಡಿದವರು ಅವರೇ. ಅವತ್ತಿನಿಂದ ಅವರಿಗೆ ನಾನು, ನನಗೆ ಅವರು ಕಂಪಾದ್ರೆ; ಹೋಗೋ ಬಾರೋ ನಿಂತಿತು. ನಮ್ಮಲ್ಲಿ ಹಾಗೆ. ಕಂಪಾದ್ರೆಯ ಮೇಲೆ ಕೈ ಎತ್ತಿದವನಿಗೆ ಯಾರ ಮನೆಯಲ್ಲೂ ನೀರು ಹುಟ್ಟುವುದಿಲ್ಲ.

ಎಡಗಡೆ ಮುಗಿಯಿತು. ಹಳೇ ಸ್ಪ್ರಿಂಗನ್ನು ಚಕ್ರ ಹಿಡಿದ ಮೇಲಿನ ತೋಳು, ಕೆಳಗಿನ ತೋಳು ಎರಡೂ ಸೇರಿ ಹಿಸುಕಿ ಹಿಡಿದಿರುತ್ತವೆ. ಕೆಳತೋಳಿಗೆ ಜ್ಯಾಕ್ ಕೊಟ್ಟು, ಕೀಲು ಬಿಡಿಸಿ, ಜ್ಯಾಕಿನ ಹಿಡಿಯನ್ನು ಕೂದಲೆಳೆಯಷ್ಟೇ ತಿರುಗಿಸುತ್ತಾ ಇಳಿಸಬೇಕು. ಅವಸರ ಮಾಡಿದರೆ ಹೆಣ.

"ಸರಪಣಿ ಕಟ್ಟಿ ಕಂಪಾದ್ರೆ. ಇದೇನಾದ್ರೂ ಹಾರಿದ್ರೆ ತಲೆ ಕುಂಬಳಕಾಯಿ ಒಡೆದ ಹಾಗೆ ಒಡೆಯುತ್ತೆ," ಅಂದರು.

"ನಿಮ್ಮ ತಲೆ ಒಡೆದ್ರೆ ಒಳಗೇನು ಸಿಗುತ್ತೆ, ಬರೀ ಬೀಜ."

"ಬೀಜನಾದ್ರೂ ಇದೆ. ನಿಮ್ಮದ್ರಲ್ಲಿ ಅದೂ ಇಲ್ಲ."

ನಕ್ಕೆ. ತಿಂಗಳಾಗಿತ್ತು ನಕ್ಕು.

ಮಾರ್ಚ್ 23, ಶನಿವಾರ, ಸಂಜೆ 6

ಬಲಗಡೆಯ ಸ್ಪ್ರಿಂಗ್ ಹಾರಿತು. ಸರಪಣಿ ಕಟ್ಟಿರಲಿಲ್ಲ. ಎಡಗಡೆ ಸಲೀಸಾಗಿ ಆಯಿತಲ್ಲ, ಇದಕ್ಕೇನು ಅಂದುಕೊಂಡೆವು, ಇಬ್ಬರೂ.

ಸದ್ದು ಗುಂಡು ಹೊಡೆದ ಹಾಗೆ. ಕಂಪಾದ್ರೆ ಕೂತಲ್ಲೇ ಹಿಂದಕ್ಕೆ ಬಿದ್ದರು. ದವಡೆ ಎರಡು ಕಡೆ ಮುರಿದು ಒಂದು ಪಕ್ಕಕ್ಕೆ ಜೋತುಬಿದ್ದಿತ್ತು. ಹಲ್ಲುಗಳು ನಟ್ಟುಬೋಲ್ಟಿನ ತಟ್ಟೆಯಲ್ಲಿ. ಸ್ಪ್ರಿಂಗ್ ಅಲ್ಲಿಗೂ ನಿಲ್ಲದೆ ಗೋಡೆಯ ಹಲಗೆ ತೂರಿ ಪಕ್ಕದ ಮನೆಯ ಅಂಗಳಕ್ಕೆ ಹೋಗಿ ಬಿತ್ತು. ನನ್ನ ಅಂಗಿ ಬಿಚ್ಚಿ ಅವರ ಬಾಯಿಗೆ ಒತ್ತಿದೆ. ರಕ್ತ ಬೆರಳ ಸಂದಿಯಲ್ಲಿ ಬಿಸಿಬಿಸಿಯಾಗಿ ಬರುತ್ತಲೇ ಇತ್ತು.

ಪೊಲೀಸರು ನೋಡಿದ್ದು ಮೊದಲು ನನ್ನ ಗೆಣ್ಣುಗಳನ್ನು. ಪಾನಾ ಕಿತ್ತ ಗಾಯ ಇನ್ನೂ ಆರಿರಲಿಲ್ಲ. ಆಮೇಲೆ ನೆಗ್ಗಿದ ಫ್ರಿಜ್ಜನ್ನು. ಆಮೇಲೆ ನನ್ನ ಹೆಸರನ್ನು ಕಂಪ್ಯೂಟರಿನಲ್ಲಿ.

ಆಸ್ಪತ್ರೆಗೆ ಗ್ರಿಸೆಲ್ಡಾ ಬಂದಳು. "ಅವರನ್ನೂ ಬಿಡಲಿಲ್ವಾ ನೀನು?"

"ಕೈ ಎತ್ತಿಲ್ಲ ಕಣೇ. ಮಗಳಾಣೆಗೂ."

"ಅವಳ ಮೇಲೆ ಆಣೆ ಇಟ್ಟರೆ ನಾಲಿಗೆ ಸೀಳಿಬಿಡ್ತೀನಿ."

ಗೋಡೆಗೆ ತಲೆ ಚಚ್ಚಿಕೊಂಡೆ. ನರ್ಸ್ ಬಂದು ಹೊರಗೆ ಕಳಿಸಿದಳು.

ಮಾರ್ಚ್ 26, ಮಂಗಳವಾರ

ಕಂಪಾದ್ರೆಯ ದವಡೆಗೆ ತಂತಿ ಬಿಗಿದಿದ್ದಾರೆ. ಆರು ವಾರ ಬಾಯಿ ತೆರೆಯುವಂತಿಲ್ಲ. ಪೊಲೀಸರಿಗೆ ಚೀಟಿಯಲ್ಲಿ ಬರೆದುಕೊಟ್ಟರಂತೆ — "ಸ್ಪ್ರಿಂಗ್ ಹಾರಿತು. ನಮ್ಮದೇ ತಪ್ಪು. ಕಂಪಾದ್ರೆ ನನ್ನನ್ನು ಮುಟ್ಟಿಲ್ಲ."

ಕೇಸು ಇಲ್ಲ. ಗ್ರಿಸೆಲ್ಡಾ ಫೋನ್ ಮಾಡಿದಳು. "ಇನ್ನೇನು, ಗಾಡಿ ನೀನೇ ಓಡಿಸು." ಅಷ್ಟೇ ಹೇಳಿ ಇಟ್ಟಳು.

ಏಪ್ರಿಲ್ 13, ಶನಿವಾರ, ಬೆಳಿಗ್ಗೆ 10

ಬಲಗಡೆ ಒಬ್ಬನೇ ಮುಗಿಸಿದೆ. ಗಾಡಿ ಈಗ ನೆಲಕ್ಕೆ ನಾಲ್ಕು ಬೆರಳು. ಬೀದಿಯಲ್ಲಿ ಬಿಟ್ಟು ನೋಡಿದೆ. ಗುಂಡಿ ದಾಟಿದರೂ ಎಗರುವುದಿಲ್ಲ. ಖುಷಿ ಮಾತ್ರ ಆಗಲಿಲ್ಲ.

ಯಾರೂ ಓದುವುದಿಲ್ಲ ತಾನೇ. ಬರೆಯುತ್ತೇನೆ.

ಅವತ್ತು ಕೀಲು ಬಿಡಿಸಿ ಆಗಿತ್ತು. ಕಂಪಾದ್ರೆ ಚಕ್ರದ ಗೂಡಿನ ಮುಂದೆ ಮಂಡಿಯೂರಿದ್ದರು, ಕೈಯಲ್ಲಿ ಸಲಾಕಿ. ಜ್ಯಾಕಿನ ಹಿಡಿ ನನ್ನ ಕೈಯಲ್ಲಿ. ಆಗ ಅವರು, "ಒಂದು ಮಾತು ಕಂಪಾದ್ರೆ, ಬೇಜಾರು ಮಾಡ್ಕೋಬೇಡಿ. ಹಬ್ಬದ ದಿನ ಗಾಡಿ ನಾನು ಓಡಿಸಬೇಕಂತೆ. ಯಾರೆತ್ಸಿನೇ ಕೇಳಿದಾಳೆ. ನೀವು —"

ಅಷ್ಟು ಸಾಕಾಯಿತು. ಕಣ್ಣು ಕತ್ತಲಿಟ್ಟಿತು. ನನ್ನ ಗಾಡಿ, ನನ್ನ ಮಗಳು, ಇವನ್ಯಾರು ನಡುವೆ. ಮನಸ್ಸಿನಲ್ಲಿ ಏಕವಚನವೇ ಬಂತು. ಅವನ ಬಾಯಿ ಮುಚ್ಚಿಸಬೇಕು ಅನ್ನಿಸಿತು.

ಕೈ ಎತ್ತಲಿಲ್ಲ. ಹಿಡಿಯನ್ನು ಒಂದು ಪೂರ್ತಿ ಸುತ್ತು ತಿರುಗಿಸಿದೆ. ಗೊತ್ತಿದ್ದೇ ತಿರುಗಿಸಿದೆ.

ಏಪ್ರಿಲ್ 28, ಭಾನುವಾರ

ನಿನ್ನೆ ಹಬ್ಬ ಆಯಿತು. ಹಿಂದೆ ಇಪ್ಪತ್ತೆರಡು ಟ್ರಕ್ಕು. ಗೌನು ಅರ್ಧ ಸೀಟು ತುಂಬಿ ಗೇರಿನ ಮೇಲೂ ಬಂದಿತ್ತು. ಕಿರೀಟ ಚಾವಣಿಗೆ ತಾಗಲಿಲ್ಲ. ಹಾಲ್ ಮುಂದೆ ನಿಲ್ಲಿಸಿ, ಇಂಜಿನ್ ಆರಿಸಿ, ಸುತ್ತು ಹಾಕಿ ನಾನು ಬರುವಷ್ಟರಲ್ಲಿ ಅವಳ ಸೋದರಮಾವನೇ ಬಾಗಿಲು ತೆಗೆದು ಕೈ ಹಿಡಿದು ಇಳಿಸಿಬಿಟ್ಟಿದ್ದ. ಅವನ ಕುತ್ತಿಗೆ ಹಿಸುಕಬೇಕು ಅನ್ನಿಸಿತು. ಕೈ ಜೇಬಿಗೆ ಹಾಕಿಕೊಂಡೆ.

ಕಂಪಾದ್ರೆ ಮೇಜಿನ ತುದಿಯಲ್ಲಿ ಕೂತು, ಎಲ್ಲರೂ ಬಾರ್ಬಕೋವಾ ಮಾಂಸ ತಿನ್ನುವಾಗ ಸ್ಟ್ರಾದಲ್ಲಿ ಸಾರು ಹೀರುತ್ತಿದ್ದರು. ನನ್ನನ್ನು ಕಂಡು ಕೈ ಎತ್ತಿದರು. ನಾನು ತಲೆ ತಗ್ಗಿಸಿದೆ.

ಕುಣಿತ ಮುಗಿದ ಮೇಲೆ ಯಾರೆತ್ಸಿ ಬಂದು ಪಕ್ಕದಲ್ಲಿ ಕೂತಳು. "ಅಪ್ಪ, ದಾರಿ ಪೂರ್ತಿ ನಿನ್ನ ಕೈ ಹಿಡ್ಕೋಬೇಕು ಅನ್ನಿಸ್ತಿತ್ತು. ನಿಂಗೆ ಹಿಡ್ಕೊಳ್ಳೋಕೆ ಕೈಯೇ ಖಾಲಿ ಇರಲಿಲ್ಲ. ಒಂದು ಸ್ಟೇರಿಂಗ್, ಒಂದು ಗೇರು."

"ಗಾಡಿ ಓಡಿಸ್ಬೇಕಲ್ಲ ಮಗಳೇ."

"ಅದಕ್ಕೇ ಎವರಿಸ್ತೊ ಮಾಮಂಗೆ ಓಡಿಸೋಕೆ ಹೇಳಿದ್ದು. ನಾನು ನಡುವೆ, ನೀನು ಬಾಗಿಲ ಪಕ್ಕ. ನೀನೇ ಕೈ ಹಿಡಿದು ಇಳಿಸ್ಲಿ ಅಂತ. ಮಾಮ ಹೇಳಲಿಲ್ವಾ?"

ಹೇಳಲು ಹೊರಟಿದ್ದರು ಅಂದೆ. ಆಮೇಲೆ ಹೊರಗೆ ಹೋಗಿ ಗಾಡಿಯ ಬಾಗಿಲ ಪಕ್ಕದ ಸೀಟಿನಲ್ಲಿ ಕೂತೆ.

ಮೇ 5, ಭಾನುವಾರ, ಬೆಳಿಗ್ಗೆ 11

ಕಂಪಾದ್ರೆಯ ಮನೆಗೆ ಹೋಗಿದ್ದೆ. ತಂತಿ ಬಿಚ್ಚಿದ್ದಾರೆ. ಬಾಯಿ ಎರಡು ಬೆರಳಷ್ಟು ತೆರೆಯುತ್ತದೆ. ಹಿಡಿ ತಿರುಗಿಸಿದ್ದು ನಾನೇ, ಬೇಕೆಂದೇ, ಅಂದೆ.

"ಗೊತ್ತು," ಅಂದರು. "ನಿಮ್ಮ ಮುಖ ನೋಡ್ತಿದ್ದೆ ನಾನು."

"ಮತ್ತೆ ಚೀಟಿ?"

"ಅದು ನಿಮಗಲ್ಲ, ಮಗುಗೆ ಬರೆದಿದ್ದು." ಎದ್ದು ಬಾಗಿಲು ತೆರೆದರು. "ಇನ್ಮೇಲೆ ಈ ಮನೆಗೆ ಬರಬೇಡ ಕಣೋ."

ಹದಿನೈದು ವರ್ಷದ ಮೇಲೆ ಅವರ ಬಾಯಲ್ಲಿ ಏಕವಚನ. ಎರಡು ಬಾರಿಸಿದ್ದರೂ ಇಷ್ಟು ನೋಯುತ್ತಿರಲಿಲ್ಲ.

ಸಂಜೆ 5

ಯಾರೆತ್ಸಿ ಬಂದಿದ್ದಳು. ಬಸ್ಸಿನಲ್ಲಿ, ಒಬ್ಬಳೇ. ನೇರ ಗ್ಯಾರೇಜಿಗೆ ಹೋಗಿ ಗೋಡೆಯ ತೂತು ನೋಡಿದಳು. ಬೆರಳು ಹಾಕಿ ನೋಡಿದಳು. "ಮಾಮ ಏನು ಕೇಳಿದ್ರೂ ಅಳ್ತಾರೆ. ನೀನು ಹೇಳು. ಹೇಗಾಯ್ತು, ತೋರಿಸು."

ಜ್ಯಾಕ್ ಎಳೆದು ತೋಳಿನ ಕೆಳಗಿಟ್ಟೆ. ಮಾಮ ಇಲ್ಲಿ ಕೂತಿದ್ದರು, ನಾನು ಇಲ್ಲಿ ನಿಂತಿದ್ದೆ, ಇದನ್ನು ಇಷ್ಟೇ ಇಷ್ಟು ತಿರುಗಿಸಬೇಕು ಅಂದೆ. ಹಿಡಿಯನ್ನು ಕೂದಲೆಳೆಯಷ್ಟು ತಿರುಗಿಸಿ ತೋರಿಸಿದೆ.

ನನ್ನ ಕೈಯನ್ನೇ ನೋಡುತ್ತಿದ್ದಳು.

"ನೀನು ಎಷ್ಟು ತಿರುಗಿಸಿದೆ ಅಪ್ಪ?"

ನಾನು ಹಿಡಿಯನ್ನು ಒಂದು ಪೂರ್ತಿ ಸುತ್ತು ತಿರುಗಿಸಿ ತೋರಿಸಿದೆ.